ಹಳೆಯ ಜೀಪನ್ನು ದಿನದ ಓಡಾಟಕ್ಕೆ ಹದಗೊಳಿಸುವುದು: ಬ್ರೇಕ್ ಮೊದಲು, ಬಣ್ಣ ಕೊನೆಗೆ

ಮಲೆನಾಡು, ಕೊಡಗಿನ ತೋಟದ ಮನೆಗಳ ಶೆಡ್ಡಿನಲ್ಲಿ ಹಳೆಯ ಮಹೀಂದ್ರಾ ಜೀಪುಗಳು ಇನ್ನೂ ಬೇಕಾದಷ್ಟಿವೆ. ಕೆಲವು ಇವತ್ತಿಗೂ ಗೊಬ್ಬರದ ಚೀಲ, ಕಾಫಿ ಮೂಟೆ ಹೊರುತ್ತಿವೆ. ಇನ್ನು ಕೆಲವು ಬ್ಯಾಟರಿ ಸತ್ತು, ಟೈರು ಇಳಿದು, ಮಾರಲು ಮನಸ್ಸಿಲ್ಲದ ಮನೆಯವರ ಮುಂದೆ ಸುಮ್ಮನೆ ನಿಂತಿವೆ. ಅಂಥ ಗಾಡಿಯನ್ನು ಮತ್ತೆ ದಿನದ ಓಡಾಟಕ್ಕೆ ತರಬಹುದು. ಮಕ್ಕಳನ್ನು ಕೂರಿಸಿಕೊಂಡು ಧೈರ್ಯವಾಗಿ ಘಟ್ಟ ಇಳಿಯುವ ಹಾಗೆಯೂ ಮಾಡಬಹುದು. ಆದರೆ ಹೆಚ್ಚಿನವರು ಕೆಲಸವನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ಮೊದಲು ಬಣ್ಣ, ದಪ್ಪ ಟೈರು, ದೊಡ್ಡ ಎಂಜಿನ್ ಆಗುತ್ತದೆ. ಬ್ರೇಕಿನ ವಿಚಾರ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ.

ಇಲ್ಲಿ ಎಂಎಂ 540 ಜೀಪನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಇದರಲ್ಲಿ ಪ್ಯೂಜೋ ಮೂಲದ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ ಇದೆ, 2112 ಸಿಸಿ. ನಾಲ್ಕು ಗೇರು, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ಕಮಾನ್ ಪ್ಲೇಟು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು). ಆ ಕಾಲದ ಮಹೀಂದ್ರಾ ಪಿಕಪ್‌ಗಳಿಗೂ ಬಹುಪಾಲು ಇದೇ ಮಾತು ಅನ್ವಯಿಸುತ್ತದೆ. 1947ರಲ್ಲಿ ಅಮೆರಿಕದ ವಿಲ್ಲೀಸ್ ಜೀಪ್ ಜೋಡಿಸಲು ಶುರು ಮಾಡಿದ ಕಂಪನಿ ಅದೇ ಮೂಲ ವಿನ್ಯಾಸವನ್ನು ದಶಕಗಳ ಕಾಲ ತಿದ್ದುತ್ತ ಬಂದಿದೆ. ಹಾಗಾಗಿ ಈಚಿನ ಗಾಡಿಗಳ ಎಷ್ಟೋ ಭಾಗಗಳನ್ನು ಸ್ವಲ್ಪ ಕೆಲಸ ಮಾಡಿ ಹಳೆಯ ಗಾಡಿಗೆ ಕೂರಿಸಬಹುದು. ಅದೇ ನಮ್ಮ ಅನುಕೂಲ.

ಕಾಗದ ನೋಡದೆ ಸ್ಪ್ಯಾನರ್ ಹಿಡಿಯಬೇಡಿ

ಆರ್‌ಸಿ ತೆಗೆದು ಚಾಸಿ ನಂಬರ್, ಎಂಜಿನ್ ನಂಬರ್, ಇಂಧನ, ಸೀಟುಗಳ ಸಂಖ್ಯೆ, ಬಾಡಿಯ ಬಗೆ ಎಲ್ಲವನ್ನೂ ಗಾಡಿಯ ಜೊತೆ ಹೋಲಿಸಿ. ಜೀಪುಗಳಲ್ಲಿ ಎಂಜಿನ್ ಯಾವಾಗಲೋ ಬದಲಾಗಿ, ಆರ್‌ಸಿಯಲ್ಲಿ ಹಳೆಯ ನಂಬರೇ ಉಳಿದಿರುವುದು ತೀರಾ ಸಾಮಾನ್ಯ. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ಹರಾಜಿನ ಮೂಲ ಕಾಗದದಿಂದ ಇವತ್ತಿನ ಮಾಲೀಕರ ತನಕ ಸರಪಳಿ ಎಲ್ಲೂ ತುಂಡಾಗಿರಬಾರದು. ಇದು ಸರಿಯಿಲ್ಲದಿದ್ದರೆ ಕೊಳ್ಳುವ ಮಾತನ್ನೇ ಬಿಟ್ಟುಬಿಡಿ. ಚಾಸಿಯ ತುಕ್ಕಿಗೆ ಮದ್ದಿದೆ, ಹುಸಿ ನಂಬರಿಗೆ ಇಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಂ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಅಥವಾ ಎರಡಕ್ಕೂ ದಾರಿ ಮಾಡಿದೆ. ಚಾಸಿ ಕತ್ತರಿಸಿ ಉದ್ದ ಮಾಡುವುದು, ಬಾಡಿಯ ಬಗೆಯನ್ನೇ ಬದಲಿಸುವುದು, ಬೇರೆ ಕಂಪನಿಯ ಎಂಜಿನ್ ಕೂರಿಸುವುದು ಇವೆಲ್ಲ ಸೀದಾ ಈ ಕಲಮಿನ ಕೆಳಗೆ ಬರುತ್ತವೆ. ಬ್ರೇಕ್, ಸ್ಟಿಯರಿಂಗ್, ಸೀಟು ಇಂಥವುಗಳಿಗೂ ಕೈ ಹಾಕುವ ಮುಂಚೆ ಏನೇನು ಮಾಡುತ್ತೀರೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಆರ್‌ಟಿಓ ಕಚೇರಿಯ ಇನ್ಸ್‌ಪೆಕ್ಟರರ ಹತ್ತಿರ ಮಾತಾಡಿ. ಅನುಮತಿ ಬೇಕಾದದ್ದಕ್ಕೆ ಮೊದಲೇ ಅರ್ಜಿ ಹಾಕಿ. ವಿಮೆಯ ಕಂಪನಿಗೂ ತಿಳಿಸಿಡಿ, ಇಲ್ಲದಿದ್ದರೆ ಕ್ಲೇಮ್ ಮಾಡುವ ದಿನ ಇದೇ ತಕರಾರಾಗುತ್ತದೆ.

ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25 ಕೊಟ್ಟು, ತಪಾಸಣೆ ಮಾಡಿಸಿ ನವೀಕರಿಸಬೇಕು. ಇನ್ನೊಂದು ಗೊಂದಲವಿದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ‘ವಿಂಟೇಜ್’ ನೋಂದಣಿಯ ನಿಯಮ ಬಂತು. ಹಳೆಯ ವಿಲ್ಲೀಸ್ ಇಟ್ಟುಕೊಂಡವರು ಅದನ್ನು ಮಾಡಿಸಬೇಕೇ ಎಂದು ಕೇಳುತ್ತಾರೆ. ದಿನಾ ಓಡಿಸುವ ಉದ್ದೇಶವಿದ್ದರೆ ಬೇಡ. ಆ ನೋಂದಣಿಯ ಗಾಡಿಯನ್ನು ಮಾಮೂಲಿ ಓಡಾಟಕ್ಕೆ ಬಳಸುವಂತಿಲ್ಲ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆಯೂ ಆಗಿರಬಾರದು.

ಚಾಸಿ

ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಅಡಿಭಾಗವನ್ನು ಪ್ರೆಷರ್ ನೀರಿನಲ್ಲಿ ತೊಳೆಸಿ. ವರ್ಷಗಟ್ಟಲೆ ಸೇರಿದ ಕೆಂಪು ಮಣ್ಣು ಬಿದ್ದ ಮೇಲಷ್ಟೇ ನಿಜ ಕಾಣುತ್ತದೆ. ಚಿಕ್ಕ ಸುತ್ತಿಗೆಯಿಂದ ಚಾಸಿಯುದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ಕಣಕಣ ಅನ್ನುತ್ತದೆ, ಒಳಗೆ ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತದೆ. ಕಮಾನ್ ಪ್ಲೇಟಿನ ತುದಿಯನ್ನು ಚಾಸಿಗೆ ಹಿಡಿದಿಡುವ ಶಾಕಲ್ ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸಿನ ಬೋಲ್ಟಿನ ಸುತ್ತಮುತ್ತ, ಬಾಡಿಯ ಆಧಾರದ ರಬ್ಬರುಗಳ ಕೆಳಗೆ ಹೆಚ್ಚು ಹೊತ್ತು ನೋಡಿ. ಬಿರುಕು ಸಿಕ್ಕರೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆಸಿ, ಆಮೇಲೆ ವೆಲ್ಡ್ ಮಾಡಿಸಿ, ಮೇಲೊಂದು ಬಲಪಟ್ಟಿ ಹಾಕಿಸಬೇಕು. ತೂತಿಲ್ಲದೆ ಬರೀ ವೆಲ್ಡ್ ಎಳೆದರೆ ಬಿರುಕು ವೆಲ್ಡಿನಾಚೆ ಮುಂದುವರಿಯುತ್ತದೆ.

ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಸೀಮೆಯಲ್ಲಿ ಚಾಸಿಗೆ ಎಪಾಕ್ಸಿ ಪ್ರೈಮರ್, ಮೇಲೆ ಬಣ್ಣ, ಪೆಟ್ಟಿಗೆಯಂಥ ಪೊಳ್ಳು ಭಾಗಗಳ ಒಳಗೆ ಮೇಣದ ಲೇಪನ ಇಷ್ಟಂತೂ ಬೇಕೇ ಬೇಕು. ಮಳೆಗಾಲಕ್ಕೆ ಮುಂಚೆ ಸುಟ್ಟ ಎಂಜಿನ್ ಆಯಿಲ್ ಹೊಡೆಸುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಅದನ್ನು ಬಿಡಿ. ಆ ಆಯಿಲ್ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮೊದಲ ಮಳೆಗೇ ತೊಳೆದು ಹಳ್ಳ ಸೇರುತ್ತದೆ. ಅದೇ ಹಳ್ಳದ ನೀರು ಗದ್ದೆಗೂ ಬಾವಿಗೂ ಬರುತ್ತದೆ.

ಬ್ರೇಕ್: ಹೆಚ್ಚಿನ ದುಡ್ಡು ಇಲ್ಲಿಗೆ

ಮೂಲದಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಸರಿಯಾಗಿ ಹೊಂದಿಸಿದ ಡ್ರಮ್ ಕೆಟ್ಟದ್ದಲ್ಲ, ಆದರೆ ಅದಕ್ಕೆ ಎರಡು ದೌರ್ಬಲ್ಯಗಳಿವೆ. ಶಿರಾಡಿ, ಚಾರ್ಮಾಡಿಯಂಥ ಇಳಿಜಾರಿನಲ್ಲಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಳ್ಳ ದಾಟಿದಾಗ ಒಳಗೆ ನೀರು ನುಗ್ಗಿದರೆ ಸ್ವಲ್ಪ ದೂರ ಬ್ರೇಕೇ ಇಲ್ಲದಂತಾಗುತ್ತದೆ. ತೀರಾ ಹಳೆಯ ಗಾಡಿಗಳಲ್ಲಿ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಒಂದೇ ಕೋಣೆ, ಯಾವುದೇ ಒಂದು ಚಕ್ರದ ಪೈಪು ಒಡೆದರೂ ನಾಲ್ಕೂ ಬ್ರೇಕ್ ಹೋಗುತ್ತವೆ. ಹಾಗಾಗಿ ಬೇರೇನೂ ಮಾಡದಿದ್ದರೂ ಮುಂದಿನ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಕೋಣೆಗಳಿರುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿಸಿ.

ಆಮೇಲೆ ಮುಂದಿನ ಚಕ್ರಗಳಿಗೆ ಡಿಸ್ಕ್. ಮಹೀಂದ್ರಾದ ಈಚಿನ ಗಾಡಿಗಳ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ಗಳನ್ನು ಹೊಂದಿಸುವ ಬ್ರಾಕೆಟ್‌ಗಳನ್ನು ಜೀಪ್ ಕೆಲಸವನ್ನೇ ಮಾಡುವ ಗ್ಯಾರೇಜುಗಳಲ್ಲಿ ಮಾಡಿಕೊಡುತ್ತಾರೆ. ಬ್ರಾಕೆಟ್ ಎಷ್ಟು ದಪ್ಪದ ಪ್ಲೇಟಿನದು, ಎಷ್ಟು ಬೋಲ್ಟಿನ ಮೇಲೆ ನಿಂತಿದೆ ಎಂದು ಕೇಳಿ, ಕಣ್ಣಾರೆ ನೋಡಿ. ರಿಮ್ಮಿನ ಒಳಗೆ ಕ್ಯಾಲಿಪರ್ ತಾಗದಂತೆ ಜಾಗ ಇದೆಯೇ ಎಂದು ಜೋಡಿಸುವ ಮುಂಚೆ ಅಳೆಯಿರಿ. ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬ್ರೇಕ್ ಹೋಸ್ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಡಿಸ್ಕಿಗೆ ಕಾಲಿನ ಬಲ ಹೆಚ್ಚು ಬೇಕು, ಅದಕ್ಕೆ ನಿರ್ವಾತದ ಸೆಳೆತದಿಂದ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್. ಇಲ್ಲಿ ಬಹಳ ಜನ ಎಡವುತ್ತಾರೆ. ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್‌ನಲ್ಲಿ ತಾನಾಗಿಯೇ ನಿರ್ವಾತ ಉಂಟಾಗುತ್ತದೆ, ಡೀಸೆಲ್‌ನಲ್ಲಿ ಆಗುವುದಿಲ್ಲ. ಬೂಸ್ಟರ್ ಕೂರಿಸಿ ಇನ್‌ಟೇಕ್‌ಗೆ ಪೈಪ್ ಸಿಕ್ಕಿಸಿದರೆ ಅದು ಬರೀ ಅಲಂಕಾರವಷ್ಟೇ. ಡೀಸೆಲ್ ಗಾಡಿಗೆ ವ್ಯಾಕ್ಯೂಮ್ ಪಂಪ್ ಬೇಕು. ಆಲ್ಟರ್ನೇಟರಿನ ಬೆನ್ನಿಗೇ ಪಂಪ್ ಜೋಡಿಸಿರುವ ಮಾದರಿ ತಂದರೆ ಚಾರ್ಜಿಂಗ್ ಕೊರತೆಯೂ ಒಟ್ಟಿಗೇ ನೀಗುತ್ತದೆ. ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಪೆಡಲನ್ನು ಐದಾರು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ.

ಇನ್ನೊಂದು ಸೂಕ್ಷ್ಮವನ್ನು ನಿಮ್ಮ ಮೇಸ್ತ್ರಿಗೆ ನೆನಪಿಸಿ. ಡ್ರಮ್ಮಿಗೆಂದು ಮಾಡಿದ ಮಾಸ್ಟರ್ ಸಿಲಿಂಡರಿನ ಒಂದು ವಾಲ್ವ್ ಪೈಪಿನಲ್ಲಿ ಸ್ವಲ್ಪ ಒತ್ತಡವನ್ನು ಹಾಗೇ ಹಿಡಿದಿಡುತ್ತದೆ. ಡಿಸ್ಕಿನ ಲೈನಿನಲ್ಲಿ ಆ ವಾಲ್ವ್ ಉಳಿದರೆ ಪ್ಯಾಡುಗಳು ಡಿಸ್ಕನ್ನು ಬಿಡುವುದೇ ಇಲ್ಲ, ಹತ್ತು ಕಿಲೋಮೀಟರ್ ಓಡುವುದರೊಳಗೆ ಚಕ್ರ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಹಾಗೆಯೇ ಹಗುರ ಬೆನ್ನಿನ ಜೀಪಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗದಂತೆ ಹಿಂದಿನ ಒತ್ತಡ ತಗ್ಗಿಸುವ ವಾಲ್ವ್ ಬೇಕು. ಪೈಪುಗಳೆಲ್ಲ ಹೊಸದಾಗಿರಲಿ, ಬ್ರೇಕಿಗೆಂದೇ ಮಾಡಿದ ಉಕ್ಕಿನ ಪೈಪು, ತುದಿ ಎರಡು ಮಡಿಕೆಯಾಗಿ ಅಗಲಿಸಿದ ಫ್ಲೇರ್. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ನಮ್ಮ ಮಳೆಯ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು.

ಸ್ಟಿಯರಿಂಗ್

ಪವರ್ ಸ್ಟಿಯರಿಂಗ್ ಹಾಕಿಸುವ ಮುಂಚೆ ಸಡಿಲವಾದ ಆಟ ಎಲ್ಲಿದೆ ಹುಡುಕಿ. ಒಬ್ಬರು ಸ್ಟಿಯರಿಂಗನ್ನು ಎಡಬಲಕ್ಕೆ ಚೂರುಚೂರು ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಕೊಂಡಿಗಳನ್ನು ನೋಡಲಿ. ಟೈ ರಾಡಿನ ತುದಿಗಳು, ಡ್ರ್ಯಾಗ್ ಲಿಂಕ್, ಕಿಂಗ್ ಪಿನ್ ಬೇರಿಂಗ್, ಶಾಕಲ್ ಬುಷ್, ಬಾಕ್ಸಿನ ಬೋಲ್ಟು ಇವುಗಳಲ್ಲಿ ಸವೆದದ್ದನ್ನೆಲ್ಲ ಬದಲಿಸಿದರೆ ಅರ್ಧ ಜೀಪುಗಳಿಗೆ ಪವರ್ ಸ್ಟಿಯರಿಂಗಿನ ಆಸೆಯೇ ಕಡಿಮೆಯಾಗುತ್ತದೆ. 50–60ರ ವೇಗದಲ್ಲಿ ಒಂದು ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳು ಗಡಗಡ ನಡುಗುವ ಕಾಯಿಲೆಯ ಮೂಲವೂ ಹೆಚ್ಚಾಗಿ ಇಲ್ಲೇ ಇರುತ್ತದೆ. ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಅದನ್ನು ಮುಚ್ಚಿಡಬೇಡಿ.

ಆದರೂ ತೋಟದ ಇಕ್ಕಟ್ಟು ತಿರುವುಗಳಲ್ಲಿ, ವಯಸ್ಸಾದವರೂ ಓಡಿಸುವ ಗಾಡಿಯಲ್ಲಿ ಪವರ್ ಸ್ಟಿಯರಿಂಗ್ ದೊಡ್ಡ ಉಪಕಾರ. ಈಚಿನ ಮಹೀಂದ್ರಾ ಗಾಡಿಗಳ ಬಾಕ್ಸು, ಪಂಪು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಬಾಕ್ಸನ್ನು ಬಿಚ್ಚಿ ಸೀಲ್ ಬದಲಿಸಿದ ಮೇಲೆ ಮಾತ್ರ ಹಾಕಿ. ಪವರ್ ಬಾಕ್ಸ್ ಚಾಸಿಯ ಮೇಲೆ ಹಾಕುವ ಬಲ ಹಳೆಯದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಅದು ಕೂರುವ ಕಡೆ ಒಳಗೂ ಹೊರಗೂ ಬಲಪಟ್ಟಿ ಇಲ್ಲದಿದ್ದರೆ ಕೆಲವೇ ವರ್ಷದಲ್ಲಿ ಚಾಸಿ ಬಿರಿಯುತ್ತದೆ.

ಕಮಾನ್ ಪ್ಲೇಟು, ಶಾಕ್, ಟೈರು

ಜೀಪ್ ಎಂದರೆ ಸೊಂಟ ಮುರಿಯುವ ಗಾಡಿ ಎಂಬ ಮಾತಿದೆ. ಅದರಲ್ಲಿ ಅರ್ಧ ತಪ್ಪು ಜೀಪಿನದಲ್ಲ. ಪ್ಲೇಟುಗಳ ನಡುವೆ ತುಕ್ಕು ಕಟ್ಟಿ ಒಂದರ ಮೇಲೊಂದು ಜಾರುವುದು ನಿಂತಿರುತ್ತದೆ, ಇಡೀ ಕಟ್ಟು ಕಬ್ಬಿಣದ ತೊಲೆಯಂತಾಗಿರುತ್ತದೆ. ಕಟ್ಟನ್ನು ಬಿಚ್ಚಿ, ಒಂದೊಂದೇ ಪ್ಲೇಟು ತಿಕ್ಕಿ, ಗ್ರಾಫೈಟ್ ಗ್ರೀಸ್ ಹಚ್ಚಿ, ಹೊಸ ಬುಷ್ ಹಾಕಿ ಮತ್ತೆ ಕಟ್ಟಿದರೆ ಸಾಕು, ಗಾಡಿಯ ಗುಣವೇ ಬೇರೆಯಾಗುತ್ತದೆ. ಬುಷ್ ರಬ್ಬರಿನದೇ ಇರಲಿ. ಪಾಲಿಯುರೆಥೇನ್ ಹೆಚ್ಚು ದಿನ ಬಾಳಿದರೂ ಪ್ರತಿ ಕಲ್ಲನ್ನೂ ಸೀಟಿಗೆ ಮುಟ್ಟಿಸುತ್ತದೆ.

ಹಿಂದಿನ ಕಟ್ಟು ಮೂಟೆ ಹೊರಲೆಂದು ಮಾಡಿದ್ದು, ಇಬ್ಬರೇ ಕೂತಾಗ ಕುಣಿಯುತ್ತದೆ. ಸುಮ್ಮನೆ ಒಂದೆರಡು ಪ್ಲೇಟು ಕಿತ್ತರೆ ಮೃದುವಾಗುವುದು ನಿಜ, ಆದರೆ ಮೇನ್ ಪ್ಲೇಟಿನ ಮೇಲೆ ಭಾರ ಬಿದ್ದು ಅದು ಒಂದು ದಿನ ತುಂಡಾಗುತ್ತದೆ. ದಪ್ಪದ ಕೆಲವು ಪ್ಲೇಟಿನ ಬದಲು ತೆಳುವಾದ ಹೆಚ್ಚು ಪ್ಲೇಟುಗಳ ಕಟ್ಟನ್ನು ಹೊಸದಾಗಿ ಮಾಡಿಸುವುದೇ ಸರಿಯಾದ ದಾರಿ. ದೊಡ್ಡ ಊರುಗಳ ಕಮಾನ್ ಕೆಲಸದವರು ನಿಮ್ಮ ಭಾರ ಕೇಳಿ ಮಾಡಿಕೊಡುತ್ತಾರೆ. ಮುಂದಿನ ಕಟ್ಟನ್ನು ಎತ್ತರಿಸಿದರೆ ಚಕ್ರ ತಿರುಗುವ ಅಚ್ಚಿನ ವಾಲು, ಅಂದರೆ ಕ್ಯಾಸ್ಟರ್ ಕೋನ, ಕೆಟ್ಟು ಸ್ಟಿಯರಿಂಗ್ ಅಲೆಯುತ್ತದೆ, ಆಗ ಪ್ಲೇಟಿನ ಕೆಳಗೆ ಓರೆ ಶಿಮ್ (ತೆಳು ಬಿಲ್ಲೆ) ಬೇಕಾಗುತ್ತದೆ. ನನ್ನ ಮಾತು ಕೇಳಿದರೆ ಎತ್ತರಿಸಲೇಬೇಡಿ. ಜೀಪ್ ಮೊದಲೇ ಎತ್ತರದ ಗಾಡಿ, ತಿರುವಿನಲ್ಲಿ ಮಗುಚುವ ಭಯ ಎತ್ತರದ ಜೊತೆಗೇ ಬೆಳೆಯುತ್ತದೆ. ಕಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳು ಒಮ್ಮೆ ಬಿಗಿದಾಗ ಎಳೆದುಕೊಂಡಿರುತ್ತವೆ, ಹಳೆಯವನ್ನು ಮತ್ತೆ ಬಳಸಬೇಡಿ.

ಶಾಕ್ ಅಬ್ಸಾರ್ಬರ್ ಕೊಳ್ಳುವಾಗ ಪೂರ್ತಿ ಒತ್ತಿದಾಗಿನ ಉದ್ದ, ಪೂರ್ತಿ ಎಳೆದಾಗಿನ ಉದ್ದ ಎರಡನ್ನೂ ಅಳೆದುಕೊಂಡು ಹೋಗಿ. ಟೈರು ರೇಡಿಯಲ್ ಇರಲಿ, ಹಳೆಯ ನೈಲಾನ್ ಟೈರಿಗೂ ಇದಕ್ಕೂ ಟಾರು ರಸ್ತೆಯ ಹಿಡಿತದಲ್ಲಿ ಬಹಳ ಅಂತರ. ರಿಮ್ಮು ಐದು ಬೋಲ್ಟಿನದು, ಬೋಲ್ಟಿನ ವೃತ್ತ 139.7 ಮಿಲಿಮೀಟರ್. ಮಾರುತಿ ಜಿಪ್ಸಿಯದೂ ಇಷ್ಟೇ, ಆದರೆ ನಡುವಿನ ರಂಧ್ರ ಮತ್ತು ರಿಮ್ಮು ಒಳಕ್ಕೋ ಹೊರಕ್ಕೋ ಕೂರುವ ಅಳತೆಯಾದ ಆಫ್‌ಸೆಟ್ ನೋಡದೆ ಕೊಳ್ಳಬೇಡಿ. ಗಾಳಿಯ ವಿಷಯದಲ್ಲಿ ಪಂಕ್ಚರ್ ಅಂಗಡಿಯವರು ಅಭ್ಯಾಸಬಲದಿಂದ 35 ಪಿಎಸ್‌ಐ ತುಂಬುತ್ತಾರೆ. ಖಾಲಿ ಓಡುವ ಜೀಪಿಗೆ 26–28ರಿಂದ ಶುರು ಮಾಡಿ, ಭಾರ ಹೇರಿದಾಗ ಏರಿಸಿ.

ಎಂಜಿನ್, ಗೇರ್

ಎಕ್ಸ್‌ಡಿಪಿ ಸಾಧು ಎಂಜಿನ್. ವೇಗ ಕಡಿಮೆ, ಆದರೆ ಕಡಿಮೆ ಆರ್‌ಪಿಎಂನಲ್ಲಿ ಸಮಾಧಾನವಾಗಿ ಏರು ಹತ್ತುತ್ತದೆ, ಹಳ್ಳಿಯ ಮೇಸ್ತ್ರಿಗೂ ಅದರ ಒಳಹೊರಗು ಗೊತ್ತು. ಕಂಪ್ಯೂಟರ್ ನಿಯಂತ್ರಣದ ಈಚಿನ ಡೀಸೆಲ್ ಕೂರಿಸುವ ಆಸೆ ಬಂದರೆ ಆರ್‌ಸಿ ನೆನಪಿಸಿಕೊಳ್ಳಿ, ಮಳೆಯಲ್ಲಿ ಸೆನ್ಸರ್ ಕೈಕೊಟ್ಟಾಗ ಅದನ್ನು ನೋಡುವವರು ಎಷ್ಟು ದೂರದಲ್ಲಿದ್ದಾರೆ ಎಂದೂ ಯೋಚಿಸಿ. ಇರುವ ಎಂಜಿನ್ನಿನ ಕಂಪ್ರೆಷನ್ ಪರೀಕ್ಷಿಸಿ, ಇಂಜೆಕ್ಟರ್ ಮತ್ತು ಪಂಪನ್ನು ಡೀಸೆಲ್ ಪಂಪಿನ ಕೆಲಸವನ್ನೇ ಮಾಡುವವರ ಬೆಂಚಿನಲ್ಲಿ ಹೊಂದಿಸಿ, ಸ್ಟಾರ್ಟಿಗೆ ಮುಂಚೆ ಎಂಜಿನ್ನಿನ ಒಳಗೆ ಕಾಯಿಸುವ ಗ್ಲೋ ಪ್ಲಗ್ಗುಗಳನ್ನು ರಿಲೇ ಸಮೇತ ಸರಿ ಮಾಡಿಸಿ. ಚಳಿಗಾಲದ ಬೆಳಗ್ಗೆ ತಳ್ಳಿ ಸ್ಟಾರ್ಟ್ ಮಾಡುವ ಕಷ್ಟ ಅಲ್ಲಿಗೆ ಮುಗಿಯುತ್ತದೆ.

ಬಿಸಿಯಾಗುವ ದೂರಿಗೆ ಥರ್ಮೋಸ್ಟ್ಯಾಟ್ (ಎಂಜಿನ್ ಕಾಯುವ ತನಕ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಕಿತ್ತೆಸೆಯುವುದು ಗ್ಯಾರೇಜುಗಳ ಹಳೆಯ ಮದ್ದು. ಅದನ್ನು ಮತ್ತೆ ಹಾಕಿಸಿ. ತಣ್ಣಗೆ ಓಡುವ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ರೇಡಿಯೇಟರಿನ ಕೋರ್ ಬದಲಿಸಿ, ಬರೀ ನೀರಿನ ಬದಲು ಕೂಲಂಟ್ ತುಂಬಿಸಿ. ಮುಖ್ಯವಾಗಿ ಫ್ಯಾನಿನ ಸುತ್ತ ಶ್ರೌಡ್ (ಕವಚ) ಇದೆಯೇ ನೋಡಿ. ಎಷ್ಟೋ ಗಾಡಿಗಳಲ್ಲಿ ಅದು ಕಳೆದೇ ಹೋಗಿರುತ್ತದೆ, ಫ್ಯಾನ್ ರೇಡಿಯೇಟರಿನ ಗಾಳಿಯ ಬದಲು ಅಕ್ಕಪಕ್ಕದ ಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಹೆದ್ದಾರಿಯ ಓಡಾಟ ಹೆಚ್ಚಿದ್ದರೆ ಮಹೀಂದ್ರಾದ್ದೇ ಐದು ಗೇರಿನ ಬಾಕ್ಸ್ ಯೋಚಿಸಬಹುದು. ಐದನೇ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ ಸುಮಾರು ಐದನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ಸದ್ದೂ ನಡುಕವೂ ಇಳಿಯುತ್ತವೆ. ಬಾಕ್ಸಿನ ಉದ್ದ ಬದಲಾದರೆ ಆಕ್ಸಲ್ಲುಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟುಗಳನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ತೋಟ, ಪೇಟೆ, ಮನೆ ಇಷ್ಟೇ ಓಡಾಟವಾದರೆ ನಾಲ್ಕು ಗೇರು ಸಾಕು.

ವೈರಿಂಗ್ ಮತ್ತು ಬೆಳಕು

ಹಳೆಯ ವೈರಿಂಗಿಗೆ ತೇಪೆ ಹಾಕಬೇಡಿ, ಪೂರ್ತಿ ತೆಗೆದು ಹೊಸದು ಎಳೆಸಿ. ಇಲಿ ಕಡಿದ ಒಂದು ವೈರಿನಿಂದ ನಿಂತ ಗಾಡಿ ಸುಟ್ಟುಹೋಗಬಹುದು. ಪ್ರತಿ ಸರ್ಕ್ಯೂಟಿಗೂ ಫ್ಯೂಸ್, ಬ್ಯಾಟರಿಯಿಂದ ಚಾಸಿಗೆ, ಎಂಜಿನ್ನಿಗೆ, ಬಾಡಿಗೆ ಬೇರೆ ಬೇರೆ ಅರ್ಥ್ ವೈರ್. ಹೆಡ್‌ಲೈಟಿನ ಮಂಕು ಬೆಳಕಿಗೆ ಬಲ್ಬ್ ಕಾರಣವಲ್ಲ, ಸ್ವಿಚ್ಚಿನ ಮೂಲಕ ಸುತ್ತಿ ಬರುವ ಸಣಕಲು ವೈರು ಕಾರಣ. 60 ವ್ಯಾಟಿನ ಒಂದೊಂದು ಬಲ್ಬೂ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ನೇರ 2.5 ಚದರ ಮಿಲಿಮೀಟರಿನ ವೈರು, ನಡುವೆ ರಿಲೇ ಹಾಕಿದರೆ ಮಾಮೂಲಿ ಹ್ಯಾಲೊಜೆನ್ ಬಲ್ಬೇ ಫಳಫಳ ಉರಿಯುತ್ತದೆ. ಹಳೆಯ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ಸಿಕ್ಕಿಸಿ ಎದುರಿನವರ ಕಣ್ಣು ಕುಕ್ಕಬೇಡಿ.

ಒಳಗೆ ಕೂರುವವರಿಗೆ

ಸೀಟು ಯಾವ ಕಾರಿನದಾದರೂ ಸರಿ, ತಲೆಗೆ ಆಸರೆ ಇರಬೇಕು, ಕೆಳಗಿನ ತೆಳು ತಗಡಿಗೆ ದಪ್ಪ ಪ್ಲೇಟಿನ ಬೆಂಬಲ ಕೊಟ್ಟು ಬಿಗಿಯಬೇಕು. ಸೀಟ್ ಬೆಲ್ಟಿನ ಮೇಲಿನ ಕೊಂಡಿ ಹೆಗಲಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಬರಬೇಕು. ಬಟ್ಟೆ ಹುಡ್ಡಿನ ಜೀಪಿನಲ್ಲಿ ಅದಕ್ಕೆ ಕಂಬವೇ ಇರುವುದಿಲ್ಲ, ಹಾಗಾಗಿ ಚಾಸಿಗೆ ಬಲವಾಗಿ ನಿಂತ ರೋಲ್ ಬಾರ್ ಬೇಕು. ಹಿಂದೆ ಅಡ್ಡ ಬೆಂಚುಗಳ ಮೇಲೆ ಮಕ್ಕಳನ್ನು ಕೂರಿಸಿ ಹೆದ್ದಾರಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಎಸಿ ಬಗ್ಗೆ ಬಹಳ ಜನ ಕೇಳುತ್ತಾರೆ. ಬಟ್ಟೆ ಹುಡ್ಡಿಗೆ ಅದರಿಂದ ಪ್ರಯೋಜನವಿಲ್ಲ, ಏರಿನಲ್ಲಿ ಈ ಎಂಜಿನ್ನಿಗೆ ಭಾರವೂ ಹೌದು. ಮಲೆನಾಡಿನಲ್ಲಿ ಅದಕ್ಕಿಂತ ಬೇಕಾದದ್ದು ಹೀಟರ್ ಮತ್ತು ಬ್ಲೋಯರ್. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಜಿನ ಒಳಗೆ ಮಂಜು ಕಟ್ಟಿ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತ ಓಡಿಸುವವರಿಗೆ ಇದರ ಬೆಲೆ ಗೊತ್ತು. ಎಂಜಿನ್ನಿನ ಬಿಸಿ ಕೂಲಂಟಿನಿಂದ ಒಂದು ಸಣ್ಣ ಹೀಟರ್ ಕೋರಿಗೆ ಕೊಳವೆ ಎಳೆದು, ಗಾಳಿಯನ್ನು ಗಾಜಿನ ಬುಡಕ್ಕೆ ಬಿಟ್ಟರೆ ಕೆಲಸ ಆಯಿತು. ಜೊತೆಗೆ ಎರಡು ವೇಗದ ವೈಪರ್ ಮೋಟಾರ್, ನೀರು ಚಿಮ್ಮುವ ವಾಷರ್ ಇರಲಿ. ಸದ್ದು ತಗ್ಗಿಸಲು ಎಂಜಿನ್ನಿಗೂ ಒಳಭಾಗಕ್ಕೂ ನಡುವಿನ ಫೈರ್‌ವಾಲಿನ ತೂತುಗಳಿಗೆಲ್ಲ ರಬ್ಬರ್ ಗ್ರೊಮೆಟ್ ಹಾಕಿ, ನೆಲಕ್ಕೆ ಬ್ಯೂಟೈಲ್ ಹಾಳೆ ಅಂಟಿಸಿ, ಮೇಲೆ ನೀರು ಹೀರದ ಫೋಮ್ ಹಾಸಿ. ಕಾರ್ಪೆಟ್ಟೂ ಫೆಲ್ಟೂ ಬೇಡ, ಒಂದು ಮಳೆಗಾಲದಲ್ಲಿ ನೆನೆದು ಕೆಳಗಿನ ತಗಡನ್ನೇ ತಿಂದುಹಾಕುತ್ತವೆ.

ರಸ್ತೆಗೆ ಇಳಿಸುವಾಗ

ಮೊದಲು ಖಾಲಿ ಮೈದಾನದಲ್ಲಿ 20ರ ವೇಗದಿಂದ ಬ್ರೇಕ್ ಹಾಕಿ ನೋಡಿ. ಒಂದು ಕಡೆ ಎಳೆದರೆ ಅಲ್ಲೇ ನಿಲ್ಲಿಸಿ ಸರಿ ಮಾಡಿ. ಆಮೇಲೆ ಸಣ್ಣ ಇಳಿಜಾರು, ಕಡೆಗೆ ಘಟ್ಟ. ಹತ್ತಿದ ಗೇರಿನಲ್ಲೇ ಇಳಿಯುವ ಹಳೆಯ ಪದ್ಧತಿಯನ್ನು ಡಿಸ್ಕ್ ಬಂತೆಂದು ಬಿಡಬೇಡಿ. ಪ್ರತಿ ಓಟದ ನಂತರ ನಾಲ್ಕೂ ಚಕ್ರದ ನಡುವೆ ಕೈ ಹತ್ತಿರ ಹಿಡಿದು ಬಿಸಿ ನೋಡಿ, ಒಂದೇ ಹೆಚ್ಚು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. 500 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್, ಶಾಕಲ್, ಸ್ಟಿಯರಿಂಗ್ ಬಾಕ್ಸು, ರೋಲ್ ಬಾರ್ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಮತ್ತೆ ಬಿಗಿ ಮಾಡಿ, ಹೊಸ ಕೊಳವೆಗಳು ಎಲ್ಲಾದರೂ ಉಜ್ಜಿ ಹೊಳಪಾಗಿವೆಯೇ ಹುಡುಕಿ.

ಒಂದು ಮಳೆಗಾಲ ಪೂರ್ತಿ ಹೀಗೇ ಓಡಲಿ. ನೀರು ಎಲ್ಲಿ ಸೋರುತ್ತದೆ, ಯಾವ ವೆಲ್ಡ್ ಬಿಡುತ್ತದೆ, ಇನ್ನೆಲ್ಲಿ ಬ್ರಾಕೆಟ್ ಬೇಕು ಎಲ್ಲ ಆ ನಾಲ್ಕು ತಿಂಗಳಲ್ಲಿ ಹೊರಬೀಳುತ್ತದೆ. ಅದನ್ನೆಲ್ಲ ಮುಗಿಸಿ, ಬಾಡಿ ಒಣಗಿದ ಮೇಲೆ ಡಿಸೆಂಬರ್, ಜನವರಿಯ ಬಿಸಿಲಿನಲ್ಲಿ ಬಣ್ಣಕ್ಕೆ ಬಿಡಿ. ಆರ್‌ಸಿಯಲ್ಲಿ ಇರುವ ಬಣ್ಣವನ್ನೇ ಹೊಡೆಸಿ, ಬೇರೆ ಬೇಕಾದರೆ ಮೊದಲು ಆರ್‌ಟಿಓ ಅರ್ಜಿ.